ಮುನ್ನೂರ ಹನ್ನೆರಡನೇ ಕಾರ್ಡು

"ಅಪ್ಪಾ, ಟೈಲರಮ್ಮನ ಮನೆ ಕಾರ್ಡು ಇನ್ನೂ ಖಾಲಿ ಇದೆ," ಎಂದಳು ಮಗಳು.

ಮೇಸ್ತ್ರಿ ಕೇಳಿಸದವನಂತೆ ಸೂಟ್‌ಕೇಸಿನ ಜಿಪ್ಪಿನೊಡನೆ ಗುದ್ದಾಡುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಊರಿನ ನಲ್ಲಿ, ಪೈಪು, ಟ್ಯಾಂಕುಗಳ ಯೋಗಕ್ಷೇಮ ಅವನದೇ. ಯಾವ ಮನೆಯ ಪೈಪು ಯಾವ ಗೋಡೆಯೊಳಗೆ ತಿರುಗುತ್ತದೆ, ಯಾವ ಗೇಟು ತೆಗೆಯುವ ಮೊದಲು ನಾಯಿ ಕಟ್ಟಿಸಬೇಕು, ಎಲ್ಲವೂ ಅವನ ತಲೆಯಲ್ಲಿತ್ತು. ಅಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಮೂವರು ಕೆಲಸಗಾರರಿದ್ದರೂ ಅವನಿಗೆ ರಜೆ ಎಂಬುದಿರಲಿಲ್ಲ. ತನ್ನ ಅಕ್ಕನ ಮನೆಗೆ ಎಂಟು ದಿನ ಹೋಗಿಬರೋಣ ಎಂದು ಹೆಂಡತಿ ಕೇಳಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು.

ಮಗಳು ಮಾತ್ರ ಬಿಡಲಿಲ್ಲ. ನಾಲ್ಕು ತಿಂಗಳು, ದಿನಾ ಸಂಜೆ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಕೆಲಸಗಾರರಿಗೆಂದು ಮನೆಗೊಂದರಂತೆ ಕಾರ್ಡು ಬರೆದಳು. ಮೊದಮೊದಲು ಮೇಸ್ತ್ರಿ, "ಇದೆಲ್ಲಾ ಬರೆಯೋ ವಿಷಯಾನಾ?" ಎಂದು ಗೊಣಗಿದ. ಆಮೇಲಾಮೇಲೆ ರುಚಿ ಹತ್ತಿತು. "ಬರ್ಕೋ. ಈ ಮನೇಲಿ ನಾವು ನೆಲ ಒರೆಸಿದ್ಮೇಲೆ ಅಜ್ಜಿ ಇನ್ನೊಂದ್ಸಲ ಒರೆಸ್ತಾರೆ. ಯಾರೂ ಬೇಜಾರು ಮಾಡ್ಕೋಬಾರ್ದು." ಹೀಗೆ ಮುನ್ನೂರ ಹನ್ನೊಂದು ಕಾರ್ಡುಗಳಾದವು. ಮುನ್ನೂರ ಹನ್ನೆರಡಕ್ಕೆ ಬಂದಾಗಲೆಲ್ಲ ಅವನಿಗೆ ಆಕಳಿಕೆ ಬರುತ್ತಿತ್ತು.

ಹೊರಡಲು ಇನ್ನು ಎರಡು ಗಂಟೆ ಇರುವಾಗ ಫೋನು ಬಂತು. ಟೈಲರಮ್ಮನೇ. ಅಡುಗೆಮನೆಯ ಸಿಂಕಿನ ಕೆಳಗೆ ಪೈಪು ಸೋರುತ್ತಿದೆಯಂತೆ.

ಮೇಸ್ತ್ರಿ ಜಿಪ್ಪು ಬಿಟ್ಟು ಸಾಮಾನಿನ ಚೀಲ ಎತ್ತಿಕೊಂಡ.

"ಕನ್ನಡಕ ಹೋಗ್ತಾರೆ ಬಿಡಪ್ಪಾ," ಎಂದಳು ಮಗಳು. ಕನ್ನಡಕವೆಂದರೆ ಅಂಗಡಿಯ ಹಿರಿಯ ಕೆಲಸಗಾರ. ಆಗಲೇ ಮೆಟ್ಟಿಲ ಹತ್ತಿರ ನಿಂತಿದ್ದ.

"ಆ ಮನೆ ನನಗೇ ಬಿಟ್ಬಿಡಿ. ರೈಲು ನಾಳೇನೂ ಇರುತ್ತೆ."

ಬಾಗಿಲ ಬಳಿ ಕೂತಿದ್ದ ಹೆಂಡತಿ ಬಗ್ಗಿ, ಪ್ರಯಾಣಕ್ಕೆಂದು ಕೊಂಡಿದ್ದ ಹೊಸ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ.

ಅವನು ಚೀಲ ಕೆಳಗಿಟ್ಟ.

"ಬರ್ಕೋ," ಎಂದ, ಯಾರ ಮುಖವನ್ನೂ ನೋಡದೆ. "ತಾರಸೀಲಿ ಎರಡು ವಾಲ್ವು ಇವೆ. ಒಂದರ ಮೇಲೆ ಅಡುಗೆಮನೆ, ಇನ್ನೊಂದರ ಮೇಲೆ ಬಚ್ಚಲು ಅಂತ ನಾನೇ ಪೇಂಟಲ್ಲಿ ಬರ್ದಿದೀನಿ. ಎರಡೂ ಉಲ್ಟಾ."

"ಉಲ್ಟಾ ಅಂದ್ರೆ?"

"ಅಡುಗೆಮನೆ ಅಂತಿರೋದನ್ನ ಮುಚ್ಚಿದ್ರೆ ಬಚ್ಚಲಿನ ನೀರು ನಿಲ್ಲುತ್ತೆ. ನನ್ನ ಮೊದಲನೇ ಕೆಲಸ ಅದು. ಗೋಡೆಯೊಳಗೆ ಪೈಪು ಅದಲುಬದಲಾಗಿತ್ತು, ಗೊತ್ತಾಗೋ ಹೊತ್ತಿಗೆ ಟೈಲ್ಸ್ ಕೂರಿಸಿ ಆಗಿತ್ತು. ಗೊತ್ತಿಲ್ದೆ ಹೋದವರು ಸಿಂಕಿನ ಪೈಪು ಬಿಚ್ಚಿದ್ರೆ, ಪಕ್ಕದಲ್ಲೇ ಅವರ ಹೊಲಿಗೆ ಮಿಷನ್ನು, ಗಿರಾಕಿಗಳ ಬಟ್ಟೆ, ಎಲ್ಲಾ ನೀರುಪಾಲು."

ಮಗಳು ಪೆನ್ನು ನಿಲ್ಲಿಸಿದಳು. "ಅಕ್ಷರ ಅಳಿಸಿ ಬೇರೆ ಬರೆದಿದ್ರೆ ಆಗ್ತಿತ್ತಲ್ಲಪ್ಪಾ? ಹತ್ತು ನಿಮಿಷದ ಕೆಲಸ."

"ಅವರ ಕಣ್ಮುಂದೆ ಪೇಂಟ್ ಡಬ್ಬ ಹಿಡ್ಕೊಂಡು ತಾರಸಿ ಹತ್ತಲಾ? ಮೇಸ್ತ್ರಿ ಕೈಯಲ್ಲಿ ತಪ್ಪಾಗಲ್ಲ ಅಂತ ಇಡೀ ಬೀದಿಗೆ ಹೇಳ್ಕೊಂಡು ಬಂದಿರೋರು ಅವರು."

ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತೆರಡು ವರ್ಷ ಕಾವಲು ಕಾದಿದ್ದ. ಕನ್ನಡಕ ತುಟಿ ಬಿಗಿಹಿಡಿದು ಕಾರ್ಡನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ. ನಗದೆ ಮೆಟ್ಟಿಲಿಳಿದು ಹೋದ. ಅಷ್ಟಕ್ಕೇ ಮೇಸ್ತ್ರಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಹೆಂಡತಿ ಮತ್ತೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡಳು.

ರೈಲು ಹೊರಟು ಅರ್ಧ ಗಂಟೆಯಾದ ಮೇಲೆ ಮಗಳ ಫೋನು ಬಂತು.

"ಕೆಲಸ ಆಯ್ತಪ್ಪಾ, ಒಂದು ಹನಿ ಚೆಲ್ಲಿಲ್ಲ. ಕನ್ನಡಕ ಕಾರ್ಡು ತೆಗೆಯೋಕೆ ಮೊದಲೇ ಟೈಲರಮ್ಮ ಹೇಳಿದ್ರಂತೆ, ಮೇಲೆ ಬರೆದಿರೋದನ್ನ ನಂಬಬೇಡಿ, ಅದು ಉಲ್ಟಾ ಇದೆ ಅಂತ."

ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡ. "ಯಾವಾಗಿಂದ ಗೊತ್ತಂತೆ?"

"ಮೊದಲನೇ ವಾರದಿಂದ. ನಿಮ್ಮ ಮೇಸ್ತ್ರಿಗೆ ಹೇಳಬೇಡಿ, ಪಾಪ ನೊಂದ್ಕೋತಾರೆ ಅಂದ್ರಂತೆ."

ಫೋನಿಟ್ಟು ಅವನು ಭುಜ ಕುಣಿಯುವಂತೆ ನಗತೊಡಗಿದ. ಎದುರಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

ಕಣ್ಣೊರೆಸಿಕೊಳ್ಳಲು ಟವೆಲ್ಲಿಗೆಂದು ಪ್ರಯಾಣದ ಚೀಲಕ್ಕೆ ಕೈ ಹಾಕಿದರೆ, ರಬ್ಬರ್ ಬ್ಯಾಂಡ್ ಸುತ್ತಿದ ಖಾಲಿ ಕಾರ್ಡುಗಳ ಕಟ್ಟು ಸಿಕ್ಕಿತು. ಮಗಳೇ ಇಟ್ಟಿರಬೇಕು. ಅವನು ಅದರ ರಬ್ಬರ್ ಬ್ಯಾಂಡ್ ಬಿಚ್ಚಿದ.

"ರೀ, ಮಗಳಿಗೆ ಬರೆಸದೆ ಮುಚ್ಚಿಟ್ಟಿರೋ ಅಂಥ ತಪ್ಪು ಇನ್ನೂ ಎಷ್ಟಿವೆ?" ಎಂದಳು ಹೆಂಡತಿ.

"ಮೂರು," ಎಂದ ಮೇಸ್ತ್ರಿ. ಒಂದು ಗಳಿಗೆ ತಡೆದು, "ನಾಲ್ಕು."

ಅವಳು ತನ್ನ ಬ್ಯಾಗಿನಿಂದ ಪೆನ್ನು ತೆಗೆದು ಕೊಟ್ಟಳು. ರೈಲಿನ ಕುಲುಕಾಟಕ್ಕೆ ಅಕ್ಷರಗಳೆಲ್ಲ ಸೊಟ್ಟಗಾಗುತ್ತಿದ್ದವು. ಅವನು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಾ ಹೋದ. ಹೆಂಡತಿ ಹೊಸ ಚಪ್ಪಲಿಯ ಕಾಲನ್ನು ಎದುರಿಗೆ ಚಾಚಿಕೊಂಡು, ಪೆನ್ನಿನ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಳು.