ಬೇರೆ ದಾರಿಯಿಂದ ಬಂದವನು

ನಾನೊಂದು ಮೈಕು. ದೆಹಲಿಯ ಯಾವುದೋ ಗಲ್ಲಿಯಲ್ಲಿ ನನ್ನ ಹೊಟ್ಟೆಗೆ ತಂತಿ ಸುತ್ತಿ, ತಲೆಗೆ ಜಾಲರಿ ಕೂರಿಸಿದರು. ಸ್ವಂತ ಮಾತು ನನಗಿಲ್ಲ. ಇನ್ನೊಬ್ಬರ ಮಾತನ್ನು ದೊಡ್ಡದು ಮಾಡುವುದಷ್ಟೇ ಗೊತ್ತು.

ಚಳ್ಳಕೆರೆ ಸೀಮೆಯಲ್ಲಿ ಊರೂರು ತಿರುಗುವ ಟೆಂಟ್ ಸಿನಿಮಾದವರು ನನ್ನನ್ನು ತಿಪ್ಪಯ್ಯನ ಕೈಗೆ ಕೊಟ್ಟರು. ತೊಂಬತ್ತೆಂಟು, ತೊಂಬತ್ತೊಂಬತ್ತರ ಕಾಲ ಅದು. ಹಾಲಿವುಡ್ ಚಿತ್ರಗಳ ಸವೆದ ರೀಲುಗಳು ನಮ್ಮ ಟೆಂಟಿಗೂ ಬರುತ್ತಿದ್ದವು. ತಿಪ್ಪಯ್ಯ ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ನನ್ನನ್ನು ಬಾಯಿಗೆ ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಅವನಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಮುಖ ನೋಡಿ ಹೇಳುತ್ತಿದ್ದ. "ಇವನು ಹುಡುಗೀ ಸೋದರಮಾವ ಕಣ್ರಪ್ಪಾ, ಹೆಣ್ಣು ಕೊಡಲ್ಲ ಅಂತ ಹಟ ಹಿಡಿದವ್ನೆ" ಅಂದರೆ ಟೆಂಟೆಲ್ಲ ಒಪ್ಪುತ್ತಿತ್ತು.

ಅವನ ಊರಿನಲ್ಲೇ ಟೆಂಟು ಹಾಕಿದಾಗ, ಸಮುದ್ರದ ತಳ ಕೊರೆಯಲು ಇಳಿದವರ ಚಿತ್ರ ಬಂತು. ನೀರು ನುಗ್ಗುತ್ತದೆ. ನಾಯಕ ತಮ್ಮನನ್ನು ಮೇಲೆ ಕಳಿಸಿ ತಾನು ಒಳಗೇ ಉಳಿಯುತ್ತಾನೆ. ಕೊನೆಯಲ್ಲಿ ದಡದ ಮೇಲೆ ಒಬ್ಬ ಗಂಡಸಿನ ಬೆನ್ನು ಕಾಣುತ್ತದೆ.

"ಬಂದ ನೋಡ್ರಪ್ಪಾ, ಬೇರೆ ದಾರಿಯಿಂದ ಎದ್ದು ಬಂದ" ಅಂದ ತಿಪ್ಪಯ್ಯ. ಶಿಳ್ಳೆ ಬಿತ್ತು.

ನೆಲದಲ್ಲಿ ಕೂತಿದ್ದ ಓಬಮ್ಮ ಮಾತ್ರ ಅಲುಗಲಿಲ್ಲ. ಅವಳ ಗಂಡ ಪಾಲಯ್ಯ ಬೋರ್‌ವೆಲ್ ಲಾರಿಯ ಜೊತೆ ತಮಿಳುನಾಡಿನ ಕಡೆ ಹೋಗಿ ವರ್ಷವಾಗಿತ್ತು. ಜೊತೆಗಾರರೆಲ್ಲ ವಾಪಸು ಬಂದಿದ್ದರು, ಅವನ ಸುದ್ದಿಯಿರಲಿಲ್ಲ. ಅವಳು ಮರುದಿನವೂ ಬಂದಳು, ಅದರ ಮರುದಿನವೂ.

"ಅಣ್ಣಾ, ಅವನು ದಿಟವಾಗ್ಲೂ ಬಂದನಾ?"

"ಕಣ್ಣಾರೆ ನೋಡಿದ್ಯಲ್ಲವ್ವಾ."

ಅಂದಿನಿಂದ ಓಟರ್ ಪಟ್ಟಿಯವರು ಬಂದಾಗಲೆಲ್ಲ ಓಬಮ್ಮ, "ಬರ್ತಾನೆ, ಹೆಸರು ಇರ್ಲಿ" ಎನ್ನುತ್ತಿದ್ದಳು.

ಟೆಂಟು ಮುಚ್ಚಿತು. ತಿಪ್ಪಯ್ಯ ನನ್ನನ್ನು ಮನೆಗೆ ತಂದು ಟಿವಿ ಪಕ್ಕದ ಮೊಳೆಗೆ ನೇತುಹಾಕಿದ. ಈಗ ಆ ಹಳೇ ಚಿತ್ರಗಳು ಟಿವಿಯಲ್ಲಿ ಕನ್ನಡದಲ್ಲೇ ಬರುತ್ತವೆ. ಒಂದೊಂದನ್ನೂ ಅವನು ಕೂತು ನೋಡಿದ. ಸೋದರಮಾವ ಅಂದಿದ್ದವನು ಪೊಲೀಸಿನವನು. ಮದುವೆ ಅಂದಿದ್ದು ತಿಥಿಯೂಟ. ಮೊದಲು ನಕ್ಕ. "ನಾನು ಹೇಳಿದ್ದೇ ಚೆನ್ನಾಗಿತ್ತು ಬಿಡು" ಅಂದ. ಬರುಬರುತ್ತ ನಗುವುದು ನಿಂತಿತು.

ಮೊನ್ನೆ ಭಾನುವಾರ ಮಧ್ಯಾಹ್ನ ಸಮುದ್ರದ ಚಿತ್ರ. ಕೇಳಿ ತಿಳಿದು ಓಬಮ್ಮ ತಾನೇ ಬಂದಳು. ತಿಪ್ಪಯ್ಯ ಚಾನೆಲ್ ಬದಲಿಸಲು ಹೋದ.

"ಇರ್ಲಿ ಬಿಡಣ್ಣಾ. ಅವನು ಬರೋದು ನೋಡ್ಬೇಕು."

ದಡದ ಮೇಲೆ ಬೆನ್ನು ಕಂಡಿತು. ಆ ಮನುಷ್ಯ ಮಾತಾಡಿದ: "ಅಣ್ಣನ ಹೆಣವೂ ಸಿಗಲಿಲ್ಲ." ಅವನು ನಾಯಕನಲ್ಲ, ತಮ್ಮ.

ಓಬಮ್ಮ ತಲೆಯೆತ್ತಿ ಮೊಳೆಯ ಮೇಲಿದ್ದ ನನ್ನನ್ನು ನೋಡಿದಳು.

"ನಂಗೆ ಹಂಗೇ ಕಾಣ್ತವ್ವಾ" ಎಂದ ತಿಪ್ಪಯ್ಯ. "ಬೆನ್ನು ನೋಡಿ ಹೇಳಿದೆ."

"ಬಸ್ ಸ್ಟ್ಯಾಂಡಲ್ಲಿ ನಾನು ಎಷ್ಟು ಬೆನ್ನು ನೋಡಿದೀನಿ, ಗೊತ್ತಾ ನಿಂಗೆ?"

ಮರುದಿನ ಬೆಳಿಗ್ಗೆ ಅವಳು ಒಂದು ಅರ್ಜಿ ಫಾರಂ ಹಿಡಿದು ಬಂದಳು. ಓಟರ್ ಪಟ್ಟಿಯಿಂದ ಪಾಲಯ್ಯನ ಹೆಸರು ತೆಗೆಸಲು. ತಿಪ್ಪಯ್ಯ ಬರೆಯತೊಡಗಿದ. ಕಾರಣ ಎಂದಿದ್ದ ಕಡೆ ಪೆನ್ನು ನಿಂತಿತು.

"ಏನಂತ ಬರೀಲವ್ವಾ?"

"ಅವತ್ತು ನೀನೇ ಹೇಳಿದ್ದೆ. ಇವತ್ತೂ ನೀನೇ ಹೇಳು."

ಅವನು ಹೇಳಲಿಲ್ಲ, 'ಮರಣ' ಎಂದು ಬರೆದ. ಅವಳು ಹೆಬ್ಬೆಟ್ಟು ಒತ್ತಿ ಹೋದಳು.

ನನ್ನ ತಂತಿಯನ್ನು ಇಲಿ ಕಡಿದು ಬಹಳ ಕಾಲವಾಯಿತು. ನಾನು ದೊಡ್ಡದು ಮಾಡಿದ ಒಂದು ಮಾತನ್ನು ನೆಚ್ಚಿ ಒಬ್ಬ ಹೆಂಗಸು ಇಪ್ಪತ್ತೈದು ವರ್ಷ ದಾರಿ ನೋಡಿದಳು. ಅದನ್ನು ಮತ್ತೆ ಚಿಕ್ಕದು ಮಾಡುವ ಉಪಾಯವನ್ನು ನನ್ನೊಳಗೆ ಯಾರೂ ಇಟ್ಟಿರಲಿಲ್ಲ.