ಮಾನ, ಗುಣ

"ಟೀಚರ್, ಹವಾಮಾನ ದಿನಾ ಬದಲಾಗತ್ತಲ್ಲ, ಅದ್ರಲ್ಲೇನು ಹೊಸದು?"

ಕೊನೆಯ ಬೆಂಚಿನ ಕುಳ್ಳಿಯ ಪ್ರಶ್ನೆಗೆ ಟೀಚರಿಗೆ ಖುಷಿಯಾಯಿತು. ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಿದ್ದರು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹಲಗೆಯ ಮೇಲೆ 'ಹವಾಮಾನ' ಎಂದು ಬರೆದು ಅದರ ಕೆಳಗೆ 'ವಾಯುಗುಣ' ಎಂದು ಬರೆದಳು.

"ನಮ್ಮ ಮನೆಯವ್ರನ್ನೇ ತಗೊಳ್ಳಿ. ಅಡುಗೆಗೆ ಉಪ್ಪು ಜಾಸ್ತಿ ಆಯ್ತು ಅಂತ ಒಂದಿನ ಮುಖ ಊದಿಸ್ಕೊಂಡ್ರೆ ಅದು ಹವಾಮಾನ. ಮದುವೆ ಆದಾಗಿಂದ ನನ್ನ ಹತ್ರ ಒಂದೇ ಒಂದು ಸುಳ್ಳು ಹೇಳಿಲ್ಲವಲ್ಲ, ಅದು ವಾಯುಗುಣ."

ಮಕ್ಕಳು ಗೊಳ್ಳೆಂದು ನಕ್ಕರು. ಅವಳ ಗಂಡ ದ್ವೀಪಕ್ಕೂ ಆಚೆ ದಡಕ್ಕೂ ಲಾಂಚ್ ಓಡಿಸುವವನು; ಆ ಊದಿದ ಮುಖವನ್ನು ನೋಡದವರು ದ್ವೀಪದಲ್ಲಿ ಇರಲಿಲ್ಲ.

"ಈಗ ಬದಲಾಗ್ತಿರೋದು ಗುಣ. ಸಮುದ್ರ ಬಿಸಿಯಾಗಿದೆ, ಬಿರುಗಾಳಿ ಜೋರಾಗಿದೆ. ಮಳೆಗಾಲದಲ್ಲಿ ಬಿಸಿಲು, ಬೇಸಿಗೇಲಿ ಮಳೆ. ಅಲೆ ನುಗ್ಗಿ ಬಾವಿ ನೀರು ಉಪ್ಪಾಗ್ತಿದೆ. ದೊಡ್ಡ ಊರಿನವ್ರು ಒಳಗೆ ಓಡಬಹುದು. ನಾವು ಒಳಗೆ ಓಡಿದ್ರೆ ದ್ವೀಪದ ಇನ್ನೊಂದು ದಡಾನೇ ಸಿಗತ್ತೆ."

"ಅದಕ್ಕೇನಾ ಟೀಚರ್ ನೀವು ಹೋಗ್ತಿರೋದು?" ಎಂದಳು ಮುಂದಿನ ಬೆಂಚಿನ ಬಡಗಿಯ ಮಗಳು. "ಆಚೆ ದಡದ ನಿಮ್ಮ ಹೊಸ ಮನೆಗೆ ಅಪ್ಪಾನೇ ಬಾಗಿಲು ಕೂರಿಸ್ತಿರೋದು. ಕಿಟಕಿ ಪಕ್ಕ ನಿಮ್ಮ ಹೊಲಿಗೆ ಮಿಷನ್ ಇದೆ."

"ಅದು ರಿಪೇರಿಗೆ ಹೋಗಿದೆ ಕಣೇ."

"ಇಲ್ಲ ಟೀಚರ್, ನಾನು ತುಳಿದು ನೋಡ್ದೆ. ಚೆನ್ನಾಗಿ ಓಡತ್ತೆ."

ಮಕ್ಕಳೆಲ್ಲ ಟೀಚರ ಮುಖ ನೋಡಿದರು. ಕಳೆದ ಬಿರುಗಾಳಿಯ ನಂತರ ಜನ ಒಬ್ಬೊಬ್ಬರಾಗಿ ದ್ವೀಪ ಬಿಡತೊಡಗಿದಾಗ, ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚುತ್ತದೆಂದು ಟೀಚರೇ ಮನೆಮನೆಗೆ ಹೋಗಿ ಬೇಡಿಕೊಂಡಿದ್ದಳು. ತಡೆಗೋಡೆ ಬರುತ್ತದೆ, ನಾವಂತೂ ಎಲ್ಲೂ ಹೋಗುವುದಿಲ್ಲ ಎಂದಿದ್ದಳು. ಪಕ್ಕದಲ್ಲಿ ನಿಂತ ಗಂಡ ಹೌದೆಂದು ತಲೆಯಾಡಿಸಿದ್ದ.

"ನೀವು ಹೋಗಲ್ಲ ಅಂದಿದ್ದಕ್ಕೇ ನಮ್ಮಮ್ಮ ಕಟ್ಟಿದ್ದ ಗಂಟುಮೂಟೆ ಎಲ್ಲ ಬಿಚ್ಚಿದ್ಲು," ಎಂದಳು ಕುಳ್ಳಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಟೀಚರಿಗೆ ಅದನ್ನೇ ತಡೆಯಲಾಗಲಿಲ್ಲ.

ಸಂಜೆ ಗಂಡ ಲಾಂಚ್ ನಿಲ್ಲುವ ಧಕ್ಕೆಯ ಮೇಲೆ ಕೂತು ಹಗ್ಗ ಸುತ್ತುತ್ತಿದ್ದ.

"ಮಿಷನ್ ರಿಪೇರಿ ಆಯ್ತಾ?"

"ಎಲ್ಲಿ? ಬಿಡಿಭಾಗಾನೇ ಸಿಗ್ತಿಲ್ವಂತೆ," ಎಂದ, ತಲೆಯೆತ್ತದೆ.

"ಬಾಗಿಲು ಸಿಕ್ತಂತಲ್ಲ."

ಅವನ ಕೈ ನಿಂತಿತು. "ಪರೀಕ್ಷೆ ಮುಗೀಲಿ, ಹೇಳೋಣ ಅಂತಿದ್ದೆ. ಮೊದ್ಲೇ ಹೇಳಿದ್ರೆ ನೀನು ಬರ್ತಿದ್ಯಾ?"

"ಎಲ್ಲರ ಮನೆ ಬಾಗಿಲಲ್ಲಿ ನನ್ನ ಪಕ್ಕ ನಿಂತು ತಲೆ ಆಡಿಸಿದ್ರಲ್ರೀ!"

"ನಾನು ನಂಬಿದ್ದು ನಿನ್ನ ಪಾಠಾನೇ ಕಣೇ. ಬಾವಿ, ಗಾಳಿ, ಅಲೆ, ಎಲ್ಲಾ ನೀನೇ ಹೇಳಿದ್ದು. ಹೇಳಿಬಿಟ್ಟು ಜನಾನ ಇಲ್ಲೇ ಇರಿ ಅಂದೋಳೂ ನೀನೇ."

ಆ ಮಾತು ನಾಟಿತು. ಆದರೂ ತನ್ನ ಪಕ್ಕದಲ್ಲೇ ಮಲಗಿ, ತಾನು ಬಡಿಸಿದ್ದನ್ನೇ ಉಂಡು, ಇವನು ಇನ್ನೊಂದು ಮನೆ ಕಟ್ಟಿಕೊಂಡಿದ್ದ.

"ಬಿರುಗಾಳಿ ಬರೋಕೂ ಮುಂಚೆ ರೇಡಿಯೋದಲ್ಲಾದ್ರೂ ಹೇಳ್ತಾರೆ ಕಣ್ರೀ," ಎಂದಳು.

ಮರುದಿನ ಕೊನೆಯ ಬೆಂಚು ಖಾಲಿಯಿತ್ತು. ಹಲಗೆಯ ಮೇಲೆ ನಿನ್ನೆಯ ಎರಡು ಪದಗಳು ಹಾಗೇ ಇದ್ದವು. ಟೀಚರು ಬಟ್ಟೆಯಿಂದ 'ಹವಾಮಾನ'ವನ್ನು ಒರೆಸಿದಳು. ಕೆಳಗಿನದಕ್ಕೆ ಕೈ ಇಡುವಷ್ಟರಲ್ಲಿ ಲಾಂಚಿನ ಹಾರನ್ ಕೇಳಿಸಿತು. ಮಕ್ಕಳೆಲ್ಲ ಕಿಟಕಿಗೆ ಓಡಿದರು. ಅವಳೂ ಹೋದಳು.

ಲಾಂಚಿನ ತುಂಬ ಮತ್ತೆ ಕಟ್ಟಿದ ಗಂಟುಗಳು. ಎಲ್ಲಕ್ಕಿಂತ ಮೇಲಿನ ಗಂಟಿನ ಮೇಲೆ ಕುಳ್ಳಿ ಕೂತಿದ್ದಳು. ಮಕ್ಕಳು ಕೂಗಿ ಕೈಬೀಸಿದರು. ಅವಳೂ ಬೀಸಲು ಕೈಯೆತ್ತಿದಳು. ಅವರ ಹಿಂದೆ ನಿಂತ ಟೀಚರನ್ನು ಕಂಡು, ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗಿಳಿಸಿಕೊಂಡಳು.