ಪುಸ್ತಕದಮ್ಮನ ‘ಹೋಗ್ತೀನಿ’

ನಮ್ಮ ಅನಾಥಾಲಯಕ್ಕೆ ಪುಸ್ತಕ ಕೊಡುತ್ತೇವೆ ಅಂತ ಯಾರಾದರೂ ಬಂದರೆ ನನಗೆ ಮೈ ಉರಿಯುತ್ತಿತ್ತು. ಯಾಕೆ ಅನ್ನುತ್ತೀರಾ? ಯಲಹಂಕದ ವಕೀಲರೊಬ್ಬರು ಅಟ್ಟ ಗುಡಿಸಿ ಗಾಡಿ ತುಂಬ ಕಾನೂನಿನ ಪುಸ್ತಕ ತಂದು ಸುರಿದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸಿಕೊಂಡು ಹೋಗಿದ್ದರು. ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳು ಆಸ್ತಿ ಭಾಗದ ಕಾಯಿದೆ ಓದಬೇಕಿತ್ತೇ? ಆ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತು.

ಹಾಗಾಗಿ ಅರವತ್ತನಾಲ್ಕನೇ ಇಸವಿಯಲ್ಲಿ ಏರ್‌ಫೋರ್ಸ್ ಕ್ವಾರ್ಟರ್ಸಿನ ಕಡೆಯಿಂದ ಪಂಜಾಬಿ ಹೆಂಗಸೊಬ್ಬರು ಜಟಕಾದಲ್ಲಿ ಟ್ರಂಕು ಇಟ್ಟುಕೊಂಡು ಬಂದಾಗ, ಮಕ್ಕಳ ಮೇಲ್ವಿಚಾರಕಿಯಾದ ನಾನು ಬಾಗಿಲಿಗೆ ಅಡ್ಡ ನಿಂತೆ.

"ಏನಮ್ಮ ಅದ್ರಲ್ಲಿ? ಕಾನೂನಾ?"

ಅವರಿಗೆ ಅರ್ಥವಾಗಲಿಲ್ಲ. ನಕ್ಕು ಟ್ರಂಕು ತೆಗೆದರು. ಒಳಗೆ ಆನೆ, ರೈಲು, ಕೊಡೆ ಹಿಡಿದ ಕರಡಿ! ಎಲ್ಲ ಬಣ್ಣದ ಚಿತ್ರಗಳ ಪುಸ್ತಕಗಳು. ಅವರ ಮಗ ದೊಡ್ಡವನಾಗಿ ಬೋರ್ಡಿಂಗ್ ಸ್ಕೂಲಿಗೆ ಸೇರಿದ್ದನಂತೆ. ಅವನ ಪುಸ್ತಕಗಳ ಜೊತೆಗೆ ಬೇರೆ ಆಫೀಸರುಗಳ ಮನೆಯಿಂದಲೂ ಕೇಳಿ ತಂದಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಇದಕ್ಕೂ ಗೆದ್ದಲೇ ಗತಿ ಅಂದುಕೊಂಡೆ.

ಆದರೆ ಆ ಹೆಂಗಸು, ಮಿಸೆಸ್ ಸೋಂಧಿ, ಬಿಡುವ ಪೈಕಿ ಅಲ್ಲ. ಪ್ರತಿ ಶನಿವಾರ ಬಂದು ತಮಗೆ ಬರುವ ಕನ್ನಡದಲ್ಲಿ ಕಥೆ ಹೇಳುವುದು, ನಾನು ಅದನ್ನು ನೆಟ್ಟಗೆ ಮಾಡಿ ಚೀಟಿಯಲ್ಲಿ ಬರೆಯುವುದು, ಇಂಗ್ಲಿಷ್ ಸಾಲಿನ ಮೇಲೆ ಮೈದಾ ಅಂಟಿನಿಂದ ಅಂಟಿಸುವುದು ಅಂತ ಗೊತ್ತು ಮಾಡಿದರು. ಅವರ ಕನ್ನಡವೋ, ತರಕಾರಿ ಗಾಡಿಯ ಆಂಜಿನಪ್ಪನ ಹತ್ತಿರ ಕಲಿತದ್ದು. "ಹಳೇ ಕರಡಿ ಮಲಗಿತು, ತಾಜಾ ಕರಡಿ ಬಂತು" ಅನ್ನುವರು. ನಗು ತಡೆದುಕೊಂಡು ಬರೆಯುವಷ್ಟರಲ್ಲಿ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಮಕ್ಕಳು ಅವರಿಗೆ ಪುಸ್ತಕದಮ್ಮ ಅಂತ ಹೆಸರಿಟ್ಟರು.

ಇಲ್ಲಿ ಗಂಗಿಯ ವಿಷಯ ಹೇಳಬೇಕು. ರಾಜಾನುಕುಂಟೆ ಕಡೆಯ ಕಲ್ಲುಕುಟಿಗ ಮುನಿಶಾಮಪ್ಪ, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ನಮ್ಮ ಗೇಟಿನಲ್ಲಿ ಬಿಟ್ಟು "ಬರ್ತೀನಿ ಮಗಾ" ಅಂತ ಹೇಳಿ ಹೋದವನು ಮತ್ತೆ ತಿರುಗಿ ನೋಡಲಿಲ್ಲ. ಅವಳು ತಿಂಗಳುಗಟ್ಟಲೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಗೇಟಿನ ಹತ್ತಿರ ಕೂತಳು. "ಹೊರಡೋವಾಗ ಎಲ್ಲಾರೂ ಅನ್ನೋ ಮಾತು ಕಣೇ ಅದು" ಅಂತ ನಾನು ಹೇಳಿದರೆ, "ಬರ್ತೀನಿ ಅಂದವ್ನೆ" ಅನ್ನುವಳು. ಆಮೇಲೆ ಕೂರುವುದನ್ನು ಬಿಟ್ಟಳು. ಆದರೆ ಹಾಲಿನವನಾಗಲಿ ಡಾಕ್ಟರಾಗಲಿ, "ಬರ್ತೀನಿ" ಅಂತ ಯಾರು ಹೊರಟರೂ "ಸುಳ್ಳು" ಅಂತ ಗೊಣಗಿ ಮುಖ ತಿರುಗಿಸುವಳು. ಅಕ್ಷರ ಕಲಿಯಲು ಕೂರಿಸಿದರೆ ಸ್ಲೇಟು ಒಡೆಯುವಳು. ಆ ಮಗುವನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಮೊದಲ ಶನಿವಾರ ಪುಸ್ತಕದಮ್ಮ ಹೊರಡುವಾಗ ಕೈ ಮುಗಿದು, "ನಾನು ಹೋಗ್ತೀನಿ" ಅಂದರು.

"ಅಯ್ಯೋ, ಬಿಡ್ತು ಅನ್ನಿ!" ಅಂತ ನಾನು ಕೂಗಿಕೊಂಡೆ. "ಹೋಗ್ತೀನಿ ಅನ್ನಬಾರ್ದಮ್ಮ, ಅಪಶಕುನ. ಸತ್ತೋರು ಹೋಗೋದು. ಬರ್ತೀನಿ ಅನ್ಬೇಕು."

"ಬಿಡ್ತು," ಅಂದರು, ಪಾಠ ಒಪ್ಪಿಸುವಂತೆ. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಗೌರಮ್ಮ ಜೀ, ನಾನು ಹೋಗ್ತಾ ಇದೀನಲ್ಲ?"

ಕಂಬದ ಹಿಂದೆ ನಿಂತಿದ್ದ ಗಂಗಿ ಕಿಸಕ್ಕನೆ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ಶನಿವಾರ ಜಟಕಾ ಕಂಡಿದ್ದೇ ತಡ, ಗಂಗಿ ಅಡುಗೆಮನೆಗೆ ಓಡಿ ಬಂದು, "ಗೌರಮ್ಮೋರೆ, ಓಗ್ತೀನಿ ಅಂದ್ಬುಟ್ಟು ಬಂದವ್ರೆ!" ಅಂದಳು. ಅವತ್ತಿನಿಂದ ಅಂಟಿನ ಬಟ್ಟಲು ಅವಳದೇ. ಚೀಟಿ ಅಂಟಿಸುತ್ತ ಅಂಟಿಸುತ್ತ ಅಕ್ಷರ ಕೂಡಿಸಲು ಕಲಿತಳು. ಮಹಾ ಕಿಲಾಡಿ! ಕರಡಿಯ ಪುಸ್ತಕದಲ್ಲಿ ಕೊನೆಯ ಹಾಳೆಗಳು ಬಂದಾಗಲೆಲ್ಲ ಬಟ್ಟಲಿಗೆ ತಟ್ಟೆ ಮುಚ್ಚಿ, "ಅಂಟು ಒಣಗೋಯ್ತು, ಬರೋ ವಾರ" ಅನ್ನುವಳು. ಕಥೆ ಉಳಿದರೆ ಪುಸ್ತಕದಮ್ಮ ಬರಲೇಬೇಕಲ್ಲ? ಅವರೂ ಪ್ರತಿ ಸಲ "ಹೋಗ್ತೀನಿ" ಅನ್ನುವರು, ನಾನು "ಬಿಡ್ತು ಅನ್ನಿ" ಅನ್ನುವೆ, ಗಂಗಿ ನಗುವಳು.

ಮಾರನೆಯ ವರ್ಷ ಆಗಸ್ಟಿನಲ್ಲಿ ಅವರ ಯಜಮಾನರಿಗೆ ಪಠಾಣ್‌ಕೋಟ್‌ಗೆ ವರ್ಗವಾಯಿತು. ಗಡಿಯಲ್ಲಿ ಗಲಾಟೆ ಅಂತ ರೇಡಿಯೋದಲ್ಲಿ ಬರುತ್ತಿದ್ದ ದಿನಗಳು. ಮಕ್ಕಳಿಗೆ ಹೇಳುವುದು ಹೇಗೆ ಅಂತ ಅವರಿಗೂ ತಿಳಿಯದು, ನನಗೂ ತಿಳಿಯದು. ಆ ವಾರ ದಿನಾ ಬಂದು ಒಂದೇ ಸಮನೆ ಕೂತು ಟ್ರಂಕಿನಲ್ಲಿದ್ದ ಪುಸ್ತಕಗಳನ್ನೆಲ್ಲ ಮುಗಿಸಿದರು. ಗಂಗಿ ತಟ್ಟೆ ಮುಚ್ಚಿದರೆ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು. ಕರಡಿಯ ಕಥೆಯೂ ಮುಗಿಯಿತು. ಗಂಗಿ ಅವರ ಮುಖವನ್ನೇ ನೋಡುತ್ತಿದ್ದಳು.

ಹೊರಡುವ ಹೊತ್ತಿಗೆ ಪುಸ್ತಕದಮ್ಮ ಹೊಸ್ತಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡರು. ನನ್ನನ್ನು ಮೆಚ್ಚಿಸಲು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರೇನೋ, ಇದೇ ಊರಲ್ಲಿ ಹುಟ್ಟಿ ಬೆಳೆದವರ ಹಾಗೆ ಅಚ್ಚುಕಟ್ಟಾಗಿ ಹೇಳಿದರು:

"ಬರ್ತೀನಿ ಗೌರಮ್ಮ. ಬರ್ತೀನಿ ಮಕ್ಕಳೇ."

ಗಂಗಿಯ ಕೈಯಿಂದ ಅಂಟಿನ ಬಟ್ಟಲು ಬಿತ್ತು.

"ಸುಳ್ಳು! ನೀವು ಬರಾಕಿಲ್ಲ!" ಅಂತ ಕಿರುಚಿದಳು. ಪುಸ್ತಕದಮ್ಮ ಗಾಬರಿಯಿಂದ ನನ್ನ ಕಡೆ ತಿರುಗಿ, "ತಪ್ಪು ಹೇಳಿದ್ನಾ?" ಅಂದರು.

"ಇಲ್ಲಮ್ಮ, ಸರಿಯಾಗೇ ಹೇಳಿದ್ರಿ," ಅಂದೆ.

ಗಂಗಿ ಅವರ ಸೆರಗು ಹಿಡಿದುಕೊಂಡಳು. "ಓಗ್ತೀನಿ ಅನ್ನಿ. ದಿನಾ ಅಂದಂಗೇ ಅನ್ನಿ. ನಿಜ ಏಳಿ."

ಯುದ್ಧದ ಸುದ್ದಿ, ಗಡಿ ಕಡೆಗೆ ಪ್ರಯಾಣ, ತುಂಬಿದ ಸಂಸಾರ. ಅಂಥವರ ಬಾಯಲ್ಲಿ ಆ ಮಾತು ಆಡಿಸುವುದೇ? ಬೇರೆ ದಿನವಾಗಿದ್ದರೆ ಗಂಗಿಯ ಬೆನ್ನಿಗೆ ಒಂದು ಬಿಗಿಯುತ್ತಿದ್ದೆ. ಅವತ್ತು ಅವಳ ಮುಖ ನೋಡಿ ನನ್ನಿಂದ ಆಗಲಿಲ್ಲ.

"ಅಂದ್ಬಿಡಿ ಅಮ್ಮ," ಅಂದೆ.

ಅವರು ನೆಲಕ್ಕೆ ಕೂತು ಅವಳ ಅಂಟು ಮೆತ್ತಿದ ಕೈ ಹಿಡಿದುಕೊಂಡರು. "ಹೋಗ್ತೀನಿ, ಗಂಗಿ. ತುಂಬ ದೂರ ಹೋಗ್ತೀನಿ."

"ಊಂ," ಅಂದಳು ಗಂಗಿ. ಸೆರಗು ಬಿಟ್ಟಳು. ನಾನು ಬಿಡ್ತು ಅನ್ನಿ ಅನ್ನಲಿಲ್ಲ. ಮನಸ್ಸಿನಲ್ಲೇ ನೂರು ಸಲ ಅಂದುಕೊಂಡೆ.

ಆ ಶನಿವಾರ ಜಟಕಾ ಬರಲಿಲ್ಲ. ಗಂಗಿ ಮತ್ತೆ ಗಂಟು ಕಟ್ಟಿಕೊಂಡು ಗೇಟಿಗೆ ಹೋಗುತ್ತಾಳೆ ಅಂತ ನನಗೆ ಭಯವಿತ್ತು. ಹೋಗಿ ನೋಡಿದರೆ ಜಗಲಿಯಲ್ಲಿ ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಕರಡಿಯ ಪುಸ್ತಕವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಪುಸ್ತಕದಮ್ಮನ ಮೇಲೆ ಕೋಪಾನೇನೇ?" ಅಂತ ಕೇಳಿದೆ.

"ಯಾಕೆ ಕೋಪ? ಓಗ್ತೀನಿ ಅಂದ್ರು, ಓಗ್ಬುಟ್ರು. ಸುಳ್ಳು ಏಳ್ಲಿಲ್ಲ."

ಸ್ವಲ್ಪ ದಿನಕ್ಕೆ ಹುಣಸಮಾರನಹಳ್ಳಿಯಲ್ಲಿರುವ ನನ್ನ ತಂಗಿಗೆ ಮೈ ಸರಿಯಿಲ್ಲ ಅಂತ ಸುದ್ದಿ ಬಂತು. ಚೀಲ ಹಿಡಿದು ಹೊಸ್ತಿಲು ದಾಟಿದೆ. ‘ಬರ್ತೀನಿ’ ನಾಲಗೆ ತುದಿಗೆ ಬಂದಿತ್ತು. ಗಂಗಿ ಪುಸ್ತಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ಮಾತು ನುಂಗಿಕೊಂಡು, ನಮ್ಮ ವಂಶದಲ್ಲಿ ಯಾರೂ ಆಡದ ಮಾತು ಆಡಿದೆ.

"ಹೋಗ್ತೀನಿ ಕಣೇ," ಅಂದೆ.

"ಊಂ. ಕತ್ಲೆ ಆಗೋದ್ರೊಳ್ಗೆ ಬಂದ್ಬುಡಿ," ಅಂದು ಹಾಳೆ ತಿರುಗಿಸಿದಳು.

ಸಂಜೆ ವಾಪಸು ಬರುವ ಬಸ್ಸು ತಂಗಿಯ ಊರಲ್ಲೇ ಕೆಟ್ಟು ನಿಂತಿತು. ರಾತ್ರಿ ಇಲ್ಲೇ ಇದ್ದು ಬೆಳಿಗ್ಗೆ ಹೋಗಕ್ಕ ಅಂತ ತಂಗಿ ಎಷ್ಟೋ ಹೇಳಿದಳು. ನಾನು ಕೇಳಲಿಲ್ಲ, ನಡೆದುಕೊಂಡೇ ಬಂದೆ.